ಶಿಬಿರದ ವೇಳೆ ಬದಲಾಗಲಿ, ಪಾರ್ಕಿನ ಗೇಟು ಮಧ್ಯಾಹ್ನವೂ ತೆರೆದಿರಲಿ

ಮಾನ್ಯ ಸಂಪಾದಕರೇ,

ಮಾರ್ಚ್ ಮುಗಿಯುತ್ತಿದ್ದಂತೆ ಬೇಸಿಗೆ ಶಿಬಿರಗಳ ಜಾಹೀರಾತು ಶುರುವಾಗುತ್ತದೆ. ಕ್ರಿಕೆಟ್ ಇರಲಿ, ಸ್ಕೇಟಿಂಗ್ ಇರಲಿ, ಹೆಚ್ಚಿನವುಗಳ ವೇಳೆ ಒಂದೇ: ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆ, ಇಲ್ಲವೇ ಸಂಜೆ ನಾಲ್ಕರಿಂದ ಆರು. ಬೆಂಗಳೂರಿನ ಈಗಿನ ಏಪ್ರಿಲ್, ಮೇ ತಿಂಗಳಿಗೆ ಇವೆರಡೂ ಹೊಂದುವುದಿಲ್ಲ. ಮೊದಲನೆಯದು ಮಕ್ಕಳನ್ನು ಬಿಸಿಲಿನ ಬಾಯಿಗೆ ದೂಡುತ್ತದೆ, ಎರಡನೆಯದು ಸಿಡಿಲಿನ ಬಾಯಿಗೆ. ಹಾಗೆಂದು ಮಕ್ಕಳನ್ನು ಮನೆಯೊಳಗೆ ಮೊಬೈಲ್ ಕೊಟ್ಟು ಕೂರಿಸಿ ಎಂದು ಹೇಳುತ್ತಿಲ್ಲ. ಹೊರಗೆ ಹೋಗುವ ಹೊತ್ತನ್ನು ಬದಲಿಸಿಕೊಳ್ಳಬೇಕು, ಅಷ್ಟೆ.

2024ರ ಏಪ್ರಿಲ್ ತಿಂಗಳಿಡೀ ನಗರದಲ್ಲಿ ಲೆಕ್ಕಕ್ಕೆ ಸಿಗುವಷ್ಟು ಮಳೆಯೇ ಬೀಳಲಿಲ್ಲ. 28ರಂದು ತಾಪಮಾನ 38.5 ಡಿಗ್ರಿ ಮುಟ್ಟಿತು. ಸರಿಯಾಗಿ ಐದು ವಾರಕ್ಕೆ, ಜೂನ್ 2ರಂದು, ಒಂದೇ ದಿನ 111.1 ಮಿ.ಮೀ. ಮಳೆ ಸುರಿದು 1891ರ ಜೂನ್ ದಾಖಲೆ ಮುರಿಯಿತು. 2022ರಲ್ಲಿ ಬಡಾವಣೆಗಳೇ ಮುಳುಗಿದವು, ಮರುವರ್ಷ ರಾಜ್ಯಕ್ಕೆ ಬರ. 2023 ಮತ್ತು 2025ರ ಮೇ ತಿಂಗಳುಗಳು ತಲಾ 300 ಮಿ.ಮೀ. ದಾಟಿದವು. ವರ್ಷಕ್ಕೆ ಸರಾಸರಿ 980 ಮಿ.ಮೀ. ಮಳೆ ಬೀಳುವ ಊರಲ್ಲಿ ಮೂರರಲ್ಲೊಂದು ಪಾಲು ಒಂದೇ ತಿಂಗಳಲ್ಲಿ ಬಂದರೆ, ‘ಮೇ ಅಂದರೆ ರಜೆ, ರಜೆ ಅಂದರೆ ಮೈದಾನ’ ಎಂಬ ಹಳೆಯ ಲೆಕ್ಕ ನಡೆಯುವುದಿಲ್ಲ.

ಮೊದಲು ಬಿಸಿಲಿನ ವಿಷಯ. ಏಪ್ರಿಲ್ 24–25ರಂದು ಮಧ್ಯಾಹ್ನ 12.17ರ ಸುಮಾರಿಗೆ ಬೆಂಗಳೂರಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಸೂರ್ಯ ನಡುನೆತ್ತಿಗೆ ಬಂದಿರುತ್ತಾನೆ. (ಆಗಸ್ಟ್ 18ರ ಸುಮಾರಿಗೂ ಹೀಗೇ ಆಗುತ್ತದೆ. ಆದರೆ ಆಗ ಮೋಡದ ದೆಸೆಯಿಂದ ಬಹಳ ಮಂದಿಗೆ ಅದು ಕಾಣುವುದಿಲ್ಲ.) ಚರ್ಮ ಸುಡುವ ನೇರಳಾತೀತ ಕಿರಣ ಅತಿ ಹೆಚ್ಚು ಇರುವುದು ಆ ಹೊತ್ತಿನಲ್ಲಿ. ಗಾಳಿಯ ಬಿಸಿ ಏರುತ್ತಾ ಹೋಗಿ ಮಧ್ಯಾಹ್ನ ಎರಡೂವರೆಯಿಂದ ಮೂರೂವರೆಯೊಳಗೆ ತುದಿ ಮುಟ್ಟುತ್ತದೆ. ಹೀಗೆ ಒಂದರ ಹಿಂದೆ ಒಂದು ಎರಡು ಪೆಟ್ಟು. ಊರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿರುವುದರಿಂದ ಕಿರಣದ ತೀವ್ರತೆ ಕರಾವಳಿಗಿಂತ ಇಲ್ಲಿ ಒಂದಿಷ್ಟು ಜಾಸ್ತಿಯೇ. ‘ನಮ್ಮ ಬಿಸಿಲು ಮಂಗಳೂರಿನಷ್ಟು ಕೆಟ್ಟದ್ದಲ್ಲ’ ಎನ್ನುವುದು ಸೆಕೆಯ ಮಟ್ಟಿಗೆ ನಿಜ, ಚರ್ಮದ ಮಟ್ಟಿಗಲ್ಲ.

ಇನ್ನೊಂದು ಮೋಸ ಒಣಹವೆಯದು. ಏಪ್ರಿಲ್ ಮಧ್ಯಾಹ್ನ ಇಲ್ಲಿನ ಗಾಳಿಯಲ್ಲಿ ತೇವಾಂಶ ಶೇ 30ರ ಆಸುಪಾಸಿಗೆ ಇಳಿಯುತ್ತದೆ. ಬೆವರು ಬಂದದ್ದೇ ಆರಿಹೋಗುತ್ತದೆ, ಅಂಗಿ ಒದ್ದೆಯಾಗುವುದಿಲ್ಲ. ಮೈಯ ನೀರು ಖಾಲಿಯಾಗುತ್ತಿರುವುದು ಮಗುವಿಗೂ ಗೊತ್ತಾಗದು, ಕೋಚ್‌ಗೂ ಗೊತ್ತಾಗದು. ಬಾಯಾರುವವರೆಗೆ ಕಾಯಬಾರದು. ಹತ್ತು ವರ್ಷದ ಆಸುಪಾಸಿನ ಮಗುವಿಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಸಣ್ಣ ಲೋಟದಷ್ಟು, ಅಂದರೆ 150 ಮಿ.ಲೀ., ದೊಡ್ಡವರಿಗೆ 200 ಮಿ.ಲೀ. ಕುಡಿಸಬೇಕು. ಒಂದು ಗಂಟೆ ದಾಟಿದರೆ ಬರೀ ನೀರು ಸಾಲದು, ಉಪ್ಪೂ ಹೋಗಿರುತ್ತದೆ. ಒಂದು ಪಾಲು ಮೊಸರಿಗೆ ನಾಲ್ಕು ಪಾಲು ನೀರು, ಲೀಟರ್‌ಗೆ ಅರ್ಧ ಚಮಚ ಉಪ್ಪು ಹಾಕಿದ ನೀರು ಮಜ್ಜಿಗೆ ಸಾಕು. ಬಣ್ಣದ ಬಾಟಲಿ ಬೇಡ. ರಾಮನವಮಿಗೆ ಬೀದಿಬೀದಿಯಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುವ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೂ ಶಿಬಿರದ ಚೀಲಗಳಲ್ಲಿ ಕಾಣುವುದು ಕೋಲಾ. ಮಗು ತೊದಲತೊಡಗಿದರೆ, ಗೊಂದಲಪಟ್ಟರೆ, ಮೈ ಕೆಂಡದಂತಿದ್ದರೆ ಅದು ಸುಸ್ತಲ್ಲ, ಬಿಸಿಲಾಘಾತ. ನೆರಳಿಗೆ ತಂದು ಮೈಮೇಲೆ ನೀರು ಸುರಿಯುತ್ತಾ ಗಾಳಿ ಬೀಸಿ, ಅದೇ ಹೊತ್ತಿಗೆ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಇನ್ನು ಸಂಜೆಯ ಮಳೆ. ‘ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ’ ಎನ್ನುತ್ತಾರೆ. ಏಪ್ರಿಲ್ ಕೊನೆಯಿಂದ ಮೇ ಹತ್ತರವರೆಗಿನ ಈ ಮಳೆ ಬೆಳೆಗೆ ಒಳ್ಳೆಯದು, ಬಯಲಲ್ಲಿ ನಿಂತವರಿಗಲ್ಲ. ಈ ದಿನಗಳಲ್ಲಿ ಬಂಗಾಳ ಕೊಲ್ಲಿಯ ಕಡೆಯ ತೇವದ ಗಾಳಿಯೂ ಪಡುವಣದ ಗಾಳಿಯೂ ಒಳನಾಡಿನ ಮೇಲೆ ಸಂಧಿಸುತ್ತವೆ, ಕಾದ ನೆಲ ಅವನ್ನು ಮೇಲಕ್ಕೆ ತಳ್ಳುತ್ತದೆ. ಲಕ್ಷಣ ಬಲ್ಲವರಿಗೆ ಮಧ್ಯಾಹ್ನವೇ ಗೊತ್ತಾಗಿಬಿಡುತ್ತದೆ. ಬೆಳಿಗ್ಗೆಯಿಂದಲೇ ಧಗೆ, ಎರಡು ಗಂಟೆಯ ಹೊತ್ತಿಗೆ ಎಲೆ ಅಲ್ಲಾಡದಷ್ಟು ಗಾಳಿ ಸ್ತಬ್ಧ. ದಿಗಂತದಲ್ಲಿ ಹೂಕೋಸಿನಂತೆ ಮೋಡ ಉಬ್ಬಿ ಮೇಲೇರುತ್ತದೆ. ತಲೆ ಚಪ್ಪಟೆಯಾಗಿ ಕಮ್ಮಾರನ ಅಡಿಗಲ್ಲಿನ ಹಾಗೆ ಹರಡಿತೆಂದರೆ ಗುಡುಗು ಖಂಡಿತ. ಆಮೇಲೆ ಒಮ್ಮೆಲೇ ಮಣ್ಣಿನ ವಾಸನೆ ಹೊತ್ತ ತಣ್ಣನೆ ಗಾಳಿ. ಎಲ್ಲರೂ ‘ಆಹಾ’ ಎನ್ನುವ ಹೊತ್ತು ಅದು. ಮರಗಳು ಉರುಳುವ ಹೊತ್ತೂ ಅದೇ. ಮೋಡದೊಳಗಿಂದ ಕೆಳಗೆ ಬಿದ್ದ ತಂಪುಗಾಳಿ ನೆಲಕ್ಕೆ ಬಡಿದು ಮಳೆಗಿಂತ ಹತ್ತು ಹದಿನೈದು ನಿಮಿಷ ಮುಂಚೆ ಸುತ್ತ ಹರಡುತ್ತದೆ. ಅದು ಮೈಗೆ ತಾಕುವ ಹೊತ್ತಿಗೆ ಮರದಡಿಯಿಂದ ಹೊರಟಿರಬೇಕು, ಆಗ ಹೊರಡುವುದಲ್ಲ.

ಹೆಚ್ಚು ಅಪಾಯ ಗುಲ್‌ಮೊಹರ್, ಆಫ್ರಿಕನ್ ಟುಲಿಪ್, ರೇನ್‌ಟ್ರೀಗಳದ್ದು. ಅಗಲದ ಚಪ್ಪರ, ಮೇಲುಬೇರು, ಮೆದು ಕೊಂಬೆ. ಅದರ ಜೊತೆಗೆ ಚರಂಡಿಗೆ, ಕೇಬಲ್‌ಗೆ ಎಂದು ಒಂದು ಕಡೆಯ ಬೇರು ಕಡಿದು, ಬುಡಕ್ಕೆ ಸಿಮೆಂಟ್ ಮೆತ್ತಿರುತ್ತಾರೆ. ದಿನವೂ ವಾಕಿಂಗ್ ಹೋಗುವ ಪಾರ್ಕಿನಲ್ಲಿ ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಬುಡದ ಒಂದು ಪಕ್ಕ ಮಣ್ಣು ಬಿರಿದು ಮೇಲೆದ್ದಿದೆಯೇ, ಕಾಂಡದ ಬುಡದಲ್ಲಿ ಅಣಬೆ ಮೂಡಿದೆಯೇ, ಕಳೆದ ತಿಂಗಳು ನೆಟ್ಟಗಿದ್ದದ್ದು ಈಗ ವಾಲಿದೆಯೇ ನೋಡಿ. ಮೂರರಲ್ಲಿ ಒಂದಿದ್ದರೂ ಅದರ ಕೆಳಗಿನ ಕಲ್ಲುಬೆಂಚು ಬಿಡಿ, ಫೋಟೊ ತೆಗೆದು ಪಾಲಿಕೆಯ ಅರಣ್ಯ ವಿಭಾಗಕ್ಕೆ ದೂರು ಕೊಡಿ. ಮರ ಕಡಿಯಿರಿ ಎಂದಲ್ಲ. ಬುಡದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ಬಿಟ್ಟು, ಚಪ್ಪರದ ಭಾರವನ್ನು ಎರಡೂ ಕಡೆ ಸಮವಾಗಿ ಇಳಿಸಿದರೆ ಬಹುಪಾಲು ಮರ ಉಳಿಯುತ್ತವೆ. ರಸ್ತೆ ಕಡೆಯ ಕೊಂಬೆಗಳನ್ನು ಮಾತ್ರ ಕಡಿದು ಹೋಗುವ ಈಗಿನ ಪದ್ಧತಿ ಮರವನ್ನು ಇನ್ನೊಂದು ಕಡೆಗೆ ಎಳೆಯುತ್ತದೆ.

ಸಿಡಿಲಿಗೆ ಲೆಕ್ಕ ಸುಲಭ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಸೆಕೆಂಡನ್ನು ಮೂರರಿಂದ ಭಾಗಿಸಿದರೆ ದೂರ ಕಿ.ಮೀ.ನಲ್ಲಿ ಸಿಗುತ್ತದೆ. ಎಣಿಕೆ ಮೂವತ್ತು ಸೆಕೆಂಡಿಗಿಂತ ಕಡಿಮೆ ಬಂದರೆ ಆಟ ನಿಲ್ಲಬೇಕು. ಕೊನೆಯ ಗುಡುಗಿನ ನಂತರ ಮೂವತ್ತು ನಿಮಿಷ ಮೈದಾನಕ್ಕೆ ಇಳಿಯಬಾರದು. ಕಪ್ ಫೈನಲ್ ಆದರೂ ಸರಿ. ಪಾರ್ಕುಗಳ ನಾಲ್ಕು ಕಂಬದ ಮಂಟಪ ಮಳೆಗೆ ಮರೆ, ಸಿಡಿಲಿಗಲ್ಲ. ಬಾಗಿಲು, ಗೋಡೆ ಇರುವ ಕಟ್ಟಡ ಅಥವಾ ಗಾಜು ಏರಿಸಿದ ಕಾರು ಬೇಕು. ‘ದಾಮಿನಿ’ ಮತ್ತು ರಾಜ್ಯದ ‘ಸಿಡಿಲು’ ಆ್ಯಪ್‌ಗಳು ಸುತ್ತಮುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಎಂದು ತೋರಿಸುತ್ತವೆ. ಹವಾಮಾನ ಇಲಾಖೆಯ ಹಳದಿ ಎಚ್ಚರಿಕೆ ಇಡೀ ಜಿಲ್ಲೆಗೆ ಕೊಟ್ಟದ್ದು. ಕೆಂಗೇರಿಯಲ್ಲಿ ಬಿಸಿಲಿದ್ದಾಗ ಯಲಹಂಕದಲ್ಲಿ ಆಲಿಕಲ್ಲು ಬೀಳಬಹುದು. ಹಾಗಾಗಿ ದಿನದ ಮುನ್ಸೂಚನೆಯ ಜೊತೆಗೆ ಮುಂದಿನ ಮೂರು ಗಂಟೆಯ ತುರ್ತು ಮುನ್ಸೂಚನೆಯನ್ನೂ ನೋಡಬೇಕು. 50 ಮಿ.ಮೀ. ಎಂದರೆ ಎಷ್ಟು ಎಂದು ಕೇಳುವವರಿಗೆ: ಮೂವತ್ತು-ನಲವತ್ತರ ಸೈಟಿನ ಮೇಲೆ ಐದೂವರೆ ಸಾವಿರ ಲೀಟರ್, ಹೆಚ್ಚುಕಡಿಮೆ ಒಂದು ಟ್ಯಾಂಕರ್. ಅದು ಒಂದು ಗಂಟೆಯಲ್ಲಿ ಬಿದ್ದಾಗ ಕೆರೆಗೆ ರಾಜಕಾಲುವೆ ಸೇರುವ ಕಡೆಯ ನಡಿಗೆ ದಾರಿಯಲ್ಲಿ ಇರಬೇಡಿ, ಅಂಡರ್‌ಪಾಸ್‌ಗೆ ಇಳಿಯಲೇಬೇಡಿ.

ಇಷ್ಟಾದ ಮೇಲೆ ಶಿಬಿರದ ವೇಳೆ ಏನಿರಬೇಕು? ಏಪ್ರಿಲ್ 1ರಿಂದ ಮುಂಗಾರು ನೆಲೆಗೊಳ್ಳುವವರೆಗೆ ಬಯಲಿನ ಆಟ ಬೆಳಿಗ್ಗೆ ಆರೂಕಾಲರಿಂದ ಎಂಟೂಮುಕ್ಕಾಲು. ಉಳಿದದ್ದು ಸೂರಿನಡಿ. ಮಕ್ಕಳು ಬೇಗ ಏಳುವುದಿಲ್ಲ ಎಂಬ ಸಬೂಬು ಹೆತ್ತವರದು, ಮಕ್ಕಳದ್ದಲ್ಲ.

ಬಡಾವಣೆಯ ಪಾರ್ಕುಗಳಿಗೆ ಇದರ ತಿರುವುಮುರುವು ಬೇಕು. ಹಲವು ಕಡೆ ಬೆಳಿಗ್ಗೆ ಹತ್ತಕ್ಕೆ ಗೇಟಿಗೆ ಬೀಗ ಬಿದ್ದು ಸಂಜೆ ನಾಲ್ಕಕ್ಕೆ ತೆಗೆಯುತ್ತಾರೆ. ನೆರಳು ಅತಿ ಬೇಕಾದ ಆರು ಗಂಟೆ ಹೊಂಗೆ ಮರದ ತಂಪು ಬೀಗದೊಳಗೆ, ಡೆಲಿವರಿ ಹುಡುಗರು, ಪೌರಕಾರ್ಮಿಕರು, ತಳ್ಳುಗಾಡಿಯವರು ಹೊರಗೆ ಕಾಂಪೌಂಡಿನ ಬಿಸಿಗೋಡೆಗೆ ಒರಗಿ. ಒಳಗೆ ಬಿಟ್ಟರೆ ಗಲೀಜು ಮಾಡುತ್ತಾರೆ ಎನ್ನುವವರಿಗೆ ಉತ್ತರ ಒಂದು ಕಸದ ಡಬ್ಬಿ, ಒಂದು ನಲ್ಲಿ. ಆ ಹೊತ್ತಿನಲ್ಲಿ ಮುಚ್ಚಬೇಕಾದದ್ದು ಇದ್ದರೆ ಮಕ್ಕಳ ಕಬ್ಬಿಣದ ಜಾರುಬಂಡೆ ಮತ್ತು ರಬ್ಬರ್ ಹಾಸು. ಅಂಗೈಯನ್ನು ಐದು ಸೆಕೆಂಡ್ ಇಡಲಾಗದಿದ್ದರೆ ಮಗುವನ್ನು ಕೂರಿಸಬಾರದು. ಜಾರುಬಂಡೆಯ ಪಡುವಣ ಪಕ್ಕಕ್ಕೆ ಒಂದು ಹೊಂಗೆ ಸಸಿ ಹಾಕಿದರೆ ಕೆಲವೇ ವರ್ಷದಲ್ಲಿ ಸಂಜೆಯ ಮಟ್ಟಿಗಾದರೂ ಸಮಸ್ಯೆ ತೀರುತ್ತದೆ.

ಮಳೆಗಾಲದ ಬಗ್ಗೆ ಜನರ ಎಣಿಕೆ ತಲೆಕೆಳಗು. ಜೂನ್‌ನಿಂದ ಆಗಸ್ಟ್‌ವರೆಗೆ ‘ಮಳೆ’ ಎಂದು ವಾಕಿಂಗ್ ಬಿಡುತ್ತಾರೆ. ನಿಜಕ್ಕೂ ಬೆಂಗಳೂರಿನಲ್ಲಿ ಹೊರಗಿರಲು ಇದಕ್ಕಿಂತ ಹಿತವಾದ ಕಾಲವಿಲ್ಲ. ಜುಲೈಯಲ್ಲಿ ಮಧ್ಯಾಹ್ನವೂ 28 ಡಿಗ್ರಿ ಆಸುಪಾಸು, ಮೋಡ, ತುಂತುರು, ಪಡುವಣ ಗಾಳಿ. ಆ ಗಾಳಿಗೆ ಕೊಡೆ ಮಗುಚಿಕೊಳ್ಳುತ್ತದೆ, ರೇನ್‌ಕೋಟ್ ವಾಸಿ. ಜುಲೈ ಮಳೆ ಸುಮಾರು 110 ಮಿ.ಮೀ. ಆದರೆ ಸೆಪ್ಟೆಂಬರ್‌ನದು 200ರ ಮೇಲೆ. ಅದೂ ಗುಡುಗಿನೊಂದಿಗೆ, ಸಂಜೆ, ಥೇಟ್ ಮೇ ತಿಂಗಳಂತೆ. ಹುಬ್ಬೆಯಿಂದ ಚಿತ್ತಾ ಮಳೆಯವರೆಗೆ, ಅಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೂರನೇ ವಾರದವರೆಗೆ, ಸಂಜೆಯ ಕಾರ್ಯಕ್ರಮ ಬಯಲಲ್ಲಿ ಇಟ್ಟುಕೊಳ್ಳಬೇಡಿ.

ನಂದಿಬೆಟ್ಟಕ್ಕೆ ಮಂಜು ನೋಡಲು ಹೋಗುವವರಿಗೂ ಇದೇ ಮಾತು. ಜುಲೈಯಲ್ಲಿ ಹೋದವರು ಮೋಡದೊಳಗೆ ನಿಂತು ಬಿಳಿ ಗೋಡೆ ನೋಡಿ ಬರುತ್ತಾರೆ. ಕಣಿವೆಯಲ್ಲಿ ಹಾಲಿನಂತೆ ಮಂಜು ತುಂಬಿ ಬೆಟ್ಟದ ತಲೆ ಮಾತ್ರ ಹೊರಗಿರಬೇಕಾದರೆ ಮೂರು ಕೂಡಬೇಕು: ಹಿಂದಿನ ದಿನ ಮಳೆಯಾಗಿ ನೆಲ ನೆನೆದಿರಬೇಕು, ರಾತ್ರಿ ಆಕಾಶ ತಿಳಿಯಾಗಬೇಕು, ಗಾಳಿ ಗಂಟೆಗೆ 8–10 ಕಿ.ಮೀ.ಗಿಂತ ಕಡಿಮೆ ಇರಬೇಕು. ರಾತ್ರಿ ಹತ್ತಕ್ಕೆ ಫೋನಿನಲ್ಲಿ ದೇವನಹಳ್ಳಿ ಕಡೆಯ ತಾಪಮಾನ ಮತ್ತು ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟತೊಡಗುವ ತಾಪಮಾನ) ನೋಡಿ; ಅಂತರ ಎರಡು ಡಿಗ್ರಿಯೊಳಗಿದ್ದರೆ ಹೊರಡಿ, ಐದಾರು ಇದ್ದರೆ ಮಲಗಿ. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಇಂಥ ದಿನ ಸಿಗುತ್ತವೆ. ಬೆಟ್ಟ 1,478 ಮೀಟರ್ ಎತ್ತರ, ನಗರಕ್ಕಿಂತ ಮೂರು ನಾಲ್ಕು ಡಿಗ್ರಿ ತಂಪು. ದಾರಿಯಲ್ಲಿ ಮಂಜಿದ್ದರೆ ಹೈಬೀಮ್ ಹಾಕಬೇಡಿ, ಬೆಳಕು ಮಂಜಿಗೆ ತಾಗಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ.

ಸಾವನದುರ್ಗದ ಬಂಡೆ ಹತ್ತುವವರು ಬಂಡೆಯ ಮೇಲಿನ ಕಪ್ಪು ಪಟ್ಟೆಗಳನ್ನು ಗಮನಿಸಿ. ಅವು ಮಳೆನೀರು ಹರಿಯುವ ಜಾಡು, ಪಾಚಿ ಕಟ್ಟಿದ ಜಾಗ. ಒಣಗಿದ್ದಾಗ ಉಳಿದ ಕಲ್ಲಿನಂತೆಯೇ ಹಿಡಿತ ಕೊಡುತ್ತವೆ, ನಾಲ್ಕು ಹನಿ ಬಿದ್ದರೆ ಸೋಪು ಹಚ್ಚಿದಂತೆ. ಎಷ್ಟು ದುಬಾರಿ ಬೂಟಾದರೂ ನಿಲ್ಲುವುದಿಲ್ಲ. ಹತ್ತುವಾಗ ಏನೂ ಆಗುವುದಿಲ್ಲ, ಇಳಿಯುವಾಗ ಜಾರುತ್ತಾರೆ. ಬೇಸಿಗೆಯಲ್ಲಿ ಎಂಟೂವರೆಗೆ ಇಳಿಯತೊಡಗಬೇಕು, ಕಲ್ಲು ಕಾದ ಮೇಲೆ ಕುಳಿತು ಜಾರುವ ಉಪಾಯವೂ ಇರುವುದಿಲ್ಲ.

ಚಳಿಗಾಲದ ಬಗ್ಗೆ ಒಂದೇ ಮಾತು. ಡಿಸೆಂಬರ್, ಜನವರಿಯ ಗಾಳಿಯಿಲ್ಲದ ಬೆಳಗುಗಳಲ್ಲಿ ತಂಪು ಗಾಳಿ ನೆಲಕ್ಕೆ ಅಂಟಿ ಕುಳಿತು ವಾಹನದ ಹೊಗೆಯನ್ನು ಮೇಲೇಳಲು ಬಿಡುವುದಿಲ್ಲ. ಉಬ್ಬಸ ಇರುವವರು ಮುಖ್ಯರಸ್ತೆ ಪಕ್ಕದ ಏಳೆಂಟು ಗಂಟೆಯ ನಡಿಗೆ ಬಿಟ್ಟು ಮಧ್ಯಾಹ್ನ ಮೂರೂವರೆಯಿಂದ ಐದರೊಳಗೆ ನಡೆಯಲಿ. ಶಾಲೆಗಳ ಕ್ರೀಡಾಕೂಟಕ್ಕೂ ಅದೇ ಹೊತ್ತು ಲೇಸು.

ಪಾಲಿಕೆಯವರು ಈ ವರ್ಷ ಪಾರ್ಕಿನ ದಾರಿಗೆ ಮತ್ತೆ ಟೈಲ್ಸ್ ಹಾಕುವ ಯೋಚನೆಯಲ್ಲಿದ್ದರೆ ದಯವಿಟ್ಟು ಕೈಬಿಡಲಿ. ಅದು ಬೇಸಿಗೆಯಲ್ಲಿ ಕಾಯುತ್ತದೆ, ಮಳೆಯಲ್ಲಿ ಜಾರುತ್ತದೆ. ಮೂರು ಇಂಚು ಜಲ್ಲಿ, ಮೇಲೆ ಎರಡು ಇಂಚು ಕಲ್ಲುಪುಡಿ ಹಾಕಿ ರೋಲರ್ ಹೊಡೆಸಿ, ಒಂದು ಪಕ್ಕಕ್ಕೆ ನಲವತ್ತು ಅಡಿಗೆ ಒಂದಡಿ ಲೆಕ್ಕದ ಇಳಿಜಾರು ಕೊಟ್ಟರೆ ನೀರು ಹುಲ್ಲಿಗೆ ಇಂಗುತ್ತದೆ, ಮಂಡಿಗೂ ಹಿತ. ಉಳಿದ ಹಣದಲ್ಲಿ ಮಧ್ಯಾಹ್ನದ ಕಾವಲುಗಾರನ ಸಂಬಳ ಕೊಡಬಹುದು.

– ನಿತ್ಯ ನಡಿಗೆಯ ಓದುಗರು, ಬಸವನಗುಡಿ, ಬೆಂಗಳೂರು