ಬೈಕ್ ಬೆಲ್ಟ್‌ನ ಬಿಗಿತಕ್ಕೆ ಬೆರಳಂದಾಜು ಸಾಲದು

ಮಾನ್ಯ ಸಂಪಾದಕರೇ,

ಮೋಟಾರ್‌ಸೈಕಲ್ ನಿರ್ವಹಣೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸಲಹೆಗಳು ಹೆಚ್ಚಾಗಿ ಚೈನ್ ಇರುವ ವಾಹನಗಳಿಗಷ್ಟೇ ಅನ್ವಯಿಸುತ್ತವೆ. ಹಿಂಚಕ್ರಕ್ಕೆ ಬೆಲ್ಟ್ ಜೋಡಿಸಿರುವ ಬೈಕ್‌ಗಳಲ್ಲಿ ಎಣ್ಣೆ ಹಾಕುವ ಕೆಲಸವಿಲ್ಲ ಎಂಬುದು ನಿಜವಾದರೂ, ಬಿಗಿತವನ್ನು ಆಗಾಗ ಪರೀಕ್ಷಿಸಲೇಬೇಕು.

ಬೆರಳಿನಿಂದ ಒತ್ತಿ ‘ಸರಿಯಿದೆ’ ಎಂದುಬಿಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ಬೆಲ್ಟ್ ತಣ್ಣಗಿರುವಾಗ, ಗಿಯರ್ ನ್ಯೂಟ್ರಲ್‌ನಲ್ಲಿಟ್ಟು, ಎರಡು ಪುಲ್ಲಿಗಳ (ಬೆಲ್ಟ್ ಸುತ್ತಿ ಓಡುವ ಹಲ್ಲಿನ ಗಾಲಿಗಳ) ನಡುಮಧ್ಯದಲ್ಲಿ ಬೆಲ್ಟ್‌ನ ಕೆಳಭಾಗವನ್ನು ಸ್ಪ್ರಿಂಗ್ ಮಾಪಕದಿಂದ ನಿಗದಿತ ಬಲ ಹಾಕಿ ಮೇಲಕ್ಕೆ ಒತ್ತಿ, ಅದು ಎಷ್ಟು ಮಿಲಿಮೀಟರ್ ಸರಿಯುತ್ತದೆ ಎಂಬುದನ್ನು ಕೈಪಿಡಿಯ ಅಂಕಿಯೊಂದಿಗೆ ಹೋಲಿಸಬೇಕು. ಹಲವು ಮಾದರಿಗಳಲ್ಲಿ ಈ ಬಲ ಸುಮಾರು 4.5 ಕಿಲೋ. ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಮೂರ್ನಾಲ್ಕು ಕಡೆ ಅಳೆದರೆ ಬಿಗಿತದಲ್ಲಿ ವ್ಯತ್ಯಾಸ ಕಾಣುವುದುಂಟು. ಆಗ ಅತಿ ಬಿಗಿಯಾದ ಜಾಗವನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಅಳೆಯುವಾಗ ಸವಾರ ಕುಳಿತಿರಬೇಕೇ ಬೇಡವೇ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ.

ಸಡಿಲವಾದರೆ ಬೆಲ್ಟ್ ಹಲ್ಲು ತಪ್ಪಿ ಜಾರುತ್ತದೆ. ಅತಿ ಬಿಗಿಯಾದರೆ ಗಿಯರ್‌ಬಾಕ್ಸ್‌ನ ಮತ್ತು ಚಕ್ರದ ಬೇರಿಂಗ್‌ಗಳು ಸದ್ದಿಲ್ಲದೆ ಸವೆಯುತ್ತವೆ.

ಹೊಂದಿಸುವಾಗ ಹಿಂಚಕ್ರದ ಅಚ್ಚನ್ನು ಹಿಡಿದಿಡುವ ಆಕ್ಸಲ್ ನಟ್ ಸಡಿಲಿಸಿ, ಚಕ್ರವನ್ನು ಹಿಂದೆ-ಮುಂದೆ ಸರಿಸುವ ಎರಡೂ ಬದಿಯ ಅಡ್ಜಸ್ಟರ್‌ಗಳನ್ನು ಸಮನಾಗಿ ತಿರುಗಿಸದಿದ್ದರೆ ಚಕ್ರ ಓರೆಯಾಗಿ, ಬೆಲ್ಟ್ ಪುಲ್ಲಿಯ ಅಂಚಿಗೆ ಉಜ್ಜಿ, ಅದರ ಬದಿ ಎಳೆಎಳೆಯಾಗಿ ಬಿಚ್ಚಿಕೊಳ್ಳತೊಡಗುತ್ತದೆ. ನಟ್ಟನ್ನು ಟಾರ್ಕ್ ರೆಂಚ್‌ನಿಂದ (ನಿಗದಿತ ಬಿಗಿತಕ್ಕೆ ತಿರುಗಿಸುವ ಸ್ಪ್ಯಾನರ್) ಬಿಗಿದ ಮೇಲೂ ಮತ್ತೊಮ್ಮೆ ಅಳೆಯುವುದು ಅಗತ್ಯ, ಏಕೆಂದರೆ ಬಿಗಿಯುವಾಗ ಚಕ್ರ ತುಸು ಸರಿದರೂ ಲೆಕ್ಕ ತಪ್ಪುತ್ತದೆ. ತಮ್ಮ ವಾಹನ ಅಂಕಣದಲ್ಲಿ ಈ ವಿಷಯಕ್ಕೂ ಚಿತ್ರಸಹಿತ ಸ್ಥಳಾವಕಾಶ ನೀಡಬೇಕೆಂದು ಕೋರುತ್ತೇನೆ.

– ಓರ್ವ ಓದುಗ