ಹಾಡಿದ್ರೆ ಇಂಗ್ಲಿಷ್ ಬರುತ್ತಾ? ಧಾರವಾಡದ ಮೇಷ್ಟ್ರಿಗೆ ಮುಂಬೈನಿಂದ ಒಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. "ಹಾಡು ಹೇಳಿಸಿದ್ರೆ ಮಕ್ಕಳು ಖುಷಿಯಾಗ್ತಾರೆ, ನಿಜ. ಆದ್ರೆ ಇಂಗ್ಲಿಷ್ ಬರುತ್ತಾ?" ಅಂತ ಕೇಳಿದ್ದೀಯ. ಬರುತ್ತೆ ಮಾರಾಯ. ಆದರೆ ಸುಮ್ನೆ ಹಾಡಿಸಿ ಕಳಿಸಿದರೆ ಬರುವುದಿಲ್ಲ.

ಇಲ್ಲಿ ವಡಾಲಾದಲ್ಲಿ ಭಾನುವಾರ ಮಧ್ಯಾಹ್ನ ನನ್ನ ಕ್ಲಾಸಿಗೆ ಬರುವವರು ಮಕ್ಕಳಲ್ಲ. ಕುಂದಾಪುರ, ಬೈಂದೂರು ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿಯುವ ಹುಡುಗರು, ಕಲಬುರಗಿ ಕಡೆಯಿಂದ ಬಂದು ಮನೆಗೆಲಸ ಮಾಡುವ ಹೆಂಗಸರು. ಹಿಂದಿ, ಮರಾಠಿ ಇವರಿಗೆ ಬೀದಿಯಲ್ಲೇ ಬಂದುಬಿಟ್ಟಿವೆ, ಯಾರೂ ಕೂರಿಸಿ ಕಲಿಸಲಿಲ್ಲ. ಇಂಗ್ಲಿಷ್ ಹಾಗೆ ಬರಲಿಲ್ಲ. ಪದಗಳು ಬೇಕಾದಷ್ಟು ಗೊತ್ತು, ಆದರೆ ಯಾರಾದರೂ ಸರಸರ ಮಾತಾಡಿದರೆ ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅನ್ನುವುದೇ ಕಿವಿಗೆ ಸಿಗುವುದಿಲ್ಲ.

ನನ್ನ ಪ್ರಕಾರ ಇದು ತಾಳದ ತೊಂದರೆ. ಹೈಸ್ಕೂಲಿನಲ್ಲಿ ನಾವು ಷಟ್ಪದಿಗೆ ಪ್ರಸ್ತಾರ ಹಾಕುತ್ತಿದ್ದೆವಲ್ಲ, ಲಘುವಿಗೆ 1 ಮಾತ್ರೆ, ಗುರುವಿಗೆ 2. ನಾವು ಮಾತಾಡುವುದೂ ಹೆಚ್ಚುಕಡಿಮೆ ಹಾಗೇ. ಪ್ರತಿ ಅಕ್ಷರಕ್ಕೂ ಅದರ ಪಾಲಿನ ಜಾಗ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಜಾಗವೆಲ್ಲ ಒತ್ತು ಬೀಳುವ ಪದಗಳಿಗೆ. ನಡುವೆ ಬರುವ ಟು, ಅಟ್, ದ, ಆಫ್ (of) ಇವೆಲ್ಲ ಪೀಕ್ ಅವರ್ ಲೋಕಲ್‌ನಲ್ಲಿ ಮೂವರ ಸೀಟಿನ ತುದಿಗೆ ನಾಲ್ಕನೆಯವನಾಗಿ ಕೂತವನ ಹಾಗೆ ಮುದುಡಿಕೊಂಡು ಇರಬೇಕು. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುವುದು ಕಷ್ಟ. ಚಪ್ಪಾಳೆ ತಟ್ಟಿದರೆ ತಕ್ಷಣ ಗೊತ್ತಾಗುತ್ತದೆ.

ನಾಳೆಯೇ ಮಾಡಿ ನೋಡು. ಮೂರು ಚಪ್ಪಾಳೆಗೆ 'ಬಾಯ್ಸ್ ಈಟ್ ವಡಾ' ಅನ್ನಿಸು. ಆಮೇಲೆ 'ದ ಬಾಯ್ಸ್ ಈಟ್ ದ ವಡಾ'. ಆಮೇಲೆ 'ದ ಬಾಯ್ಸ್ ಆರ್ ಈಟಿಂಗ್ ದ ವಡಾ'. ಕೊನೆಗೆ 'ದ ಬಾಯ್ಸ್ ಹ್ಯಾವ್ ಬಿನ್ ಈಟಿಂಗ್ ದ ವಡಾ'. ಚಪ್ಪಾಳೆ ಮೂರೇ, ವೇಗವೂ ಅದೇ. ಮೊದಮೊದಲು ಎಲ್ಲರೂ ಕೊನೇ ಸಾಲಿನಲ್ಲಿ ತೊಡರುತ್ತಾರೆ, ಚಪ್ಪಾಳೆ ಮುಂದೆ ಹೋಗುತ್ತದೆ, ಬಾಯಿ ಹಿಂದೆ ಉಳಿಯುತ್ತದೆ. ಬಿಡದೆ ತಟ್ಟಿಸು. ಸ್ವಲ್ಪ ಹೊತ್ತಿಗೆ 'ಬಾಯ್ಸ್ ಹ್ಯಾವ್ ಬಿನ್' ಅನ್ನುವುದು ತಾನಾಗಿ 'ಬಾಯ್ಸವ್ ಬಿನ್' ಅಂತ ಕುಗ್ಗುತ್ತದೆ. ನೀನು ಹೇಳಿಕೊಡಬೇಕಾಗಿಲ್ಲ, ತಾಳವೇ ಕುಗ್ಗಿಸುತ್ತದೆ. ಅದನ್ನು ಕೇಳಿದಾಗ ನನಗೆ ಆಗುವ ಸಂತೋಷ ಅಷ್ಟಿಷ್ಟಲ್ಲ.

ನ್ಯೂಯಾರ್ಕಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕ್ಯಾರೊಲಿನ್ ಗ್ರಹಾಂ ಇಂಥದ್ದನ್ನೇ ಜಾಝ್ ತಾಳಕ್ಕೆ ಕೂರಿಸಿ 1978ರಲ್ಲಿ 'ಜಾಝ್ ಚಾಂಟ್ಸ್' ಅಂತ ಪುಸ್ತಕ ತಂದರು. ನಮಗೆ ಜಾಝೇ ಯಾಕೆ ಬೇಕು? ಹೆಂಗಸರಿಗೆ ಭಜನೆ ಗೊತ್ತು, ಹುಡುಗರ ಕಿವಿಯಲ್ಲಿ ಯಕ್ಷಗಾನದ ಚೆಂಡೆ ಇದೆ. ನಾವು ಹಾರ್ಬರ್ ಲೈನ್ ಅನ್ನುವ ಇಲ್ಲಿನ ಲೋಕಲ್ ರೈಲು ಮಾರ್ಗದ ಸ್ಟೇಷನ್‌ಗಳನ್ನು ಭಜನೆಯ ಧಾಟಿಗೆ ಕಟ್ಟಿಕೊಂಡಿದ್ದೇವೆ. ಒಬ್ಬರು 'ವೇರ್ ಡು ಯು ಗೆಟ್ ಆಫ್?' ಅಂತ ಎತ್ತಿಕೊಡುತ್ತಾರೆ, ಉಳಿದವರು 'ಐ ಗೆಟ್ ಆಫ್ ಅಟ್ ಕಿಂಗ್ಸ್ ಸರ್ಕಲ್' ಅನ್ನುತ್ತಾರೆ. ಮುಂದೆ ಮಾಹಿಮ್, ಬಾಂದ್ರಾ, ಖಾರ್. ಹೆಸರು ಬದಲಾಗುತ್ತದೆ, ವಾಕ್ಯ ಅದೇ. ಗುಂಪಿನಲ್ಲಿ ಹೇಳುವಾಗ ತಪ್ಪಾದರೂ ಯಾರೂ ತಿರುಗಿ ನೋಡುವುದಿಲ್ಲ, ದೊಡ್ಡವರಿಗೆ ಈ ಧೈರ್ಯವೇ ಮುಖ್ಯ. ನನ್ನ ಕ್ಲಾಸಿನಲ್ಲಿ ಬಾಯೇ ಬಿಡದಿದ್ದ ಒಬ್ಬ ಹೆಂಗಸು ಈಗ ತಾವೇ ಮುಂದೆ ಕೂತು ಎತ್ತಿಕೊಡುತ್ತಾರೆ, ತಾಳ ತಪ್ಪಿದವರನ್ನು ಗದರುತ್ತಾರೆ ಕೂಡ!

ಹಾಡಿನಲ್ಲಿ ಇನ್ನೊಂದು ಲಾಭ ಇದೆ. ನಾವು ಬಸ್ಸು, ಬ್ಯಾಂಕು ಅಂತ ಕೊನೆಗೆ ಉಕಾರ ಸೇರಿಸುತ್ತೇವೆ, ಕನ್ನಡಕ್ಕೆ ಅದೇ ಸರಿ. ಬಿಗಿಯಾದ ತಾಳದಲ್ಲಿ ಅದಕ್ಕೆ ಜಾಗ ಸಿಗದೆ ಎಷ್ಟೋ ಸಲ ತಾನೇ ಉದುರಿಹೋಗುತ್ತದೆ.

ಇನ್ನು ನಿನ್ನ ಅನುಮಾನದ ವಿಷಯ. ನಾವೆಲ್ಲ ಹುಟ್ಟುಹಬ್ಬಕ್ಕೆ ಹೇಳುವ 'ಹ್ಯಾಪಿ ಬರ್ತ್‌ಡೇ' ಧಾಟಿ ಮೊದಲು ಕ್ಲಾಸಿಗೆಂದೇ ಹುಟ್ಟಿದ್ದು. ಅಮೆರಿಕದ ಕೆಂಟಕಿಯಲ್ಲಿ ಶಿಶುವಿಹಾರದ ಟೀಚರ್ ಪ್ಯಾಟಿ ಹಿಲ್ ಮತ್ತು ಅವರ ಅಕ್ಕ ಮಿಲ್ಡ್ರೆಡ್ ಮಕ್ಕಳಿಗಾಗಿ ಮಾಡಿದ 'ಗುಡ್ ಮಾರ್ನಿಂಗ್ ಟು ಆಲ್' ಅದು, 1893ರಲ್ಲಿ ಅಚ್ಚಾಯಿತು. ಒಳ್ಳೆಯ ಹಾಡೇ. ಆದರೆ 'ಹ್ಯಾಪಿ ಬರ್ತ್‌ಡೇ ಟು ಯು' ಅಂತ ಒಮ್ಮೆ ಹಾಡಿಕೊಂಡು ನೋಡು. ಆ 'ಟು' ಎತ್ತರದ ಸ್ವರದಲ್ಲಿ ಪೂರ್ತಿ ಒಂದು ಎಣಿಕೆ ನಿಲ್ಲುತ್ತದೆ. ಮಾತಿನಲ್ಲಿ ಅದು ಬಂದದ್ದೂ ತಿಳಿಯಬಾರದು. ಧಾಟಿಗೋಸ್ಕರ ಹಾಡು ಹೀಗೆ ಎಲ್ಲೆಲ್ಲೋ ಎಳೆಯುತ್ತದೆ, ಅದಕ್ಕೇ ಹಾಡಿ ಮುಗಿದ ಕೂಡಲೇ ಅದೇ ಸಾಲನ್ನು ಮಾತಿನಂತೆ ಹೇಳಿಸಬೇಕು, ಆಮೇಲೆ ಒಬ್ಬರಿಗೊಬ್ಬರು ನಿಜವಾಗಿ ಕೇಳಬೇಕು: ನೀವು ಎಲ್ಲಿ ಇಳಿಯುತ್ತೀರಿ? ಅಲ್ಲಿಯವರೆಗೆ ಹೋಗದಿದ್ದರೆ ನೀನು ಹೇಳಿದ್ದೇ ಸರಿ, ಬರೀ ಖುಷಿ ಆಗುತ್ತದೆ ಅಷ್ಟೆ.

ಫೋನಿನಲ್ಲಿ ಬರುವ ಇಂಗ್ಲಿಷ್ ಪಾಪ್ ಹಾಡು ಬೇಕು ಅಂತ ಹುಡುಗರು ಕೇಳುತ್ತಾರೆ. ಶುರುವಿನಲ್ಲಿ ನಾನು ಕೊಡುವುದಿಲ್ಲ. ವೇಗ ಜಾಸ್ತಿ, ಮಾರನೇ ದಿನ ಕೆಲಸದಲ್ಲಿ ಬಳಸುವ ವಾಕ್ಯ ಕಡಿಮೆ.

ನಿನ್ನ ಮಕ್ಕಳಿಗೆ ಕೋಲಾಟ ಬರುತ್ತಲ್ಲ? ಚಪ್ಪಾಳೆಯ ಬದಲು ಕೋಲು ಹಿಡಿಸು. ನಾಲ್ಕು ಸಾಲು ಅವರೇ ಕಟ್ಟಲಿ, ಬಸ್ ಸ್ಟ್ಯಾಂಡು, ಸಂತೆ, ಮಿರ್ಚಿ ಭಜಿ, ಏನಾದರೂ ಸರಿ. ರೆಕಾರ್ಡ್ ಮಾಡಿ ಕಳಿಸು. ನಮ್ಮ ಹೆಂಗಸರಿಗೆ ಕೇಳಿಸಿ ಅವರ ಉತ್ತರವನ್ನೂ ಹಾಡಿಸಿ ಕಳಿಸುತ್ತೇನೆ.

ನಿನ್ನ ಗೆಳೆಯ,
ವಡಾಲಾ, ಮುಂಬೈ