ಎಂಟು ಗೆಲುವುಗಳ ಉತ್ತರಪತ್ರಿಕೆ ಕೊಡಿ, ಹೊರಟ್ಟಿ ಸರ್

ಸನ್ಮಾನ್ಯ ಬಸವರಾಜ ಹೊರಟ್ಟಿಯವರಿಗೆ,

ನಮಸ್ಕಾರಗಳು. ನಾನು ಹಾವೇರಿ ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. 1995ರಲ್ಲಿ ಕೆಲಸಕ್ಕೆ ಸೇರಿದೆ, 2028ರಲ್ಲಿ ನಿವೃತ್ತಳಾಗುತ್ತೇನೆ. ವಿಧಾನ ಪರಿಷತ್ತಿನ ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲಿ 1998ರಿಂದ ಈಚೆಗೆ ಐದು ಸಲ ಮತ ಹಾಕಿದ್ದೇನೆ. ಐದೂ ಸಲ ಗೆದ್ದವರು ನೀವು. ನಾನು ಪಟ್ಟಿಗೆ ಸೇರುವ ಮೊದಲೇ ಮೂರು ಸಲ ಗೆದ್ದಿದ್ದಿರಿ. ನಮ್ಮ ಶಿಕ್ಷಕರ ಕೊಠಡಿಯಲ್ಲಿ ಪರಿಷತ್ ಚುನಾವಣೆಯ ಮಾತು ಬಂದರೆ ‘ಈ ಸಲ ಯಾರು’ ಎಂದು ಕೇಳಿದ ನೆನಪು ನನಗಿಲ್ಲ. ‘ಹೊರಟ್ಟಿ ಸರ್ ಎದುರಿಗೆ ಈ ಸಲ ಯಾರು’ ಎಂದೇ ಕೇಳುತ್ತಿದ್ದೆವು.

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಮಾರ್ಚ್ ಬಂದರೆ ಹತ್ತನೆಯ ತರಗತಿಯ ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ ಅರ್ಧ ಅಂಕಕ್ಕೂ ಕಾರಣ ಹುಡುಕುವವಳು ನಾನು. ಕಾಗುಣಿತ ತಪ್ಪಿದರೆ ಕೆಂಪು ಗೆರೆ, ಪ್ರಶ್ನೆಯ ಸಂಖ್ಯೆ ಬರೆಯದಿದ್ದರೆ ಕೆಂಪು ಗೆರೆ. ಅದೇ ನಾನು, ಆರು ವರ್ಷಕ್ಕೊಮ್ಮೆ ಮತಪತ್ರದಲ್ಲಿ ನಿಮ್ಮ ಹೆಸರಿನ ಮುಂದೆ ಮೊದಲ ಪ್ರಾಶಸ್ತ್ಯದ 1 ಎಂದು ಬರೆಯುವಾಗ ಉತ್ತರಪತ್ರಿಕೆ ಕೇಳಲೇ ಇಲ್ಲ. ನಮ್ಮ ಮಾಸ್ತರರು ಒಬ್ಬರು ಅಲ್ಲಿದ್ದಾರೆ ಎಂಬ ಸಮಾಧಾನಕ್ಕೆ ಪೂರ್ಣ ಅಂಕ ಕೊಟ್ಟುಬಿಟ್ಟೆ.

ಅಭಿಮಾನವೂ ಇತ್ತು, ಈಗಲೂ ಇದೆ. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಲ್ಲಿ ದೈಹಿಕ ಶಿಕ್ಷಕರಾಗಿದ್ದವರು ನೀವು. ಶಾಲೆಗಳಲ್ಲಿ ಡ್ರಿಲ್ ಮಾಸ್ತರರಿಗೆ ಇರುವ ಸ್ಥಾನ ನಿಮಗೆ ನಾನು ಹೇಳಬೇಕಾಗಿಲ್ಲ: ಗಣಿತದವರು ರಜೆ ಹಾಕಿದರೆ ಅವರ ತರಗತಿಗೆ ಕಳುಹಿಸಲು, ಗದ್ದಲವಾದರೆ ಸೀಟಿ ಊದಲು, ಆಗಸ್ಟ್ ಹದಿನೈದಕ್ಕೆ ಕಂಬಕ್ಕೆ ಹಗ್ಗ ಕಟ್ಟಲು ನೆನಪಾಗುವವರು. ಅಂಥವರಲ್ಲಿ ಒಬ್ಬರು 1980ರಲ್ಲಿ, ಗುಂಡೂರಾಯರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, ಮೇಲ್ಮನೆಗೆ ಹೋದರು. ಆಗ ಗದಗ, ಹಾವೇರಿ ಎಂಬ ಜಿಲ್ಲೆಗಳೇ ಇರಲಿಲ್ಲ, ಎಲ್ಲವೂ ಧಾರವಾಡ ಜಿಲ್ಲೆ. 1997ರಲ್ಲಿ ಜಿಲ್ಲೆ ಒಡೆದು ಮೂರಾಯಿತು. ಸರ್ಕಾರಗಳು ಎಷ್ಟು ಬಂದವು, ಎಷ್ಟು ಹೋದವು ಎಂದು ಎಣಿಸಲು ಸಮಾಜ ವಿಜ್ಞಾನದ ಸಹೋದ್ಯೋಗಿಯನ್ನೇ ಕರೆಯಬೇಕು. ಧಾರವಾಡದ ಎರೆಭೂಮಿಯಿಂದ ಕಾರವಾರದ ಕಡಲತನಕ ಹಬ್ಬಿದ ನಾಲ್ಕು ಜಿಲ್ಲೆಗಳ ಈ ಕ್ಷೇತ್ರ ಮಾತ್ರ 1986, 1992, 1998, 2004, 2010, 2016, 2022 ಎಂದು ಆರಾರು ವರ್ಷದ ಮಗ್ಗಿಯ ಹಾಗೆ ನಿಮ್ಮ ಹೆಸರನ್ನೇ ಹೇಳಿತು.

ಈ ಎಂಟು ಎಂಬ ಅಂಕಿಯ ಬಗ್ಗೆ ಬೇಕಾದಷ್ಟು ಸನ್ಮಾನಗಳಾಗಿವೆ, ಶಾಲು ಹೊದಿಸಿದ್ದಾರೆ. ನನಗೆ ಬೇಕಾಗಿರುವುದು ಆ ಅಂಕಿಯ ಹಿಂದಿನ ಲೆಕ್ಕ.

ಪರಿಷತ್ತಿನ 75 ಸ್ಥಾನಗಳಲ್ಲಿ ಶಿಕ್ಷಕರಿಗೆಂದು ಇರುವುದು ಏಳು. ಅದರಲ್ಲಿ ಒಂದು ನಮ್ಮದು. ಸಂವಿಧಾನದ 171ನೇ ವಿಧಿಯ ಪ್ರಕಾರ ಪ್ರೌಢಶಾಲೆ ಮತ್ತು ಅದಕ್ಕೆ ಮೇಲ್ಪಟ್ಟ ಸಂಸ್ಥೆಗಳಲ್ಲಿ ಕಲಿಸುವವರಿಗೆ ಮಾತ್ರ ಈ ಮತ. ನನ್ನ ಪತಿ ಪ್ರಾಥಮಿಕ ಶಾಲೆಯ ಶಿಕ್ಷಕರು. ನನಗೆ ಅಕ್ಷರ ಬಲ್ಲ ಮಕ್ಕಳನ್ನು ಸಿದ್ಧಪಡಿಸಿ ಕಳುಹಿಸುವುದೇ ಅವರಂಥವರು. ಆದರೂ ಮತದಾನದ ದಿನ ಅವರು ನನ್ನನ್ನು ಬೈಕಿನಲ್ಲಿ ಮತಗಟ್ಟೆಗೆ ಬಿಟ್ಟು ಹೊರಗೆ ಬೇವಿನ ಮರದ ಕೆಳಗೆ ನಿಲ್ಲುತ್ತಾರೆ. ‘ನಿಮ್ಮ ಮಾಸ್ತರರನ್ನು ಗೆಲ್ಲಿಸಿ ಬಂದಿರಾ’ ಎಂದು ಕೇಳುವುದು ಅವರ ವಾಡಿಕೆ. ‘ನಿಮ್ಮ’ ಎನ್ನುತ್ತಾರೆ, ಗಮನಿಸಿ. ಈ ವಿಧಿಯನ್ನು ಬದಲಿಸುವುದು ಸಂಸತ್ತಿನ ಕೆಲಸ, ನಿಮ್ಮದಲ್ಲ ಎಂದು ಬಲ್ಲೆ. ಆದರೆ ನಾಲ್ಕು ದಶಕಗಳಿಂದ ಶಿಕ್ಷಕರ ಕ್ಷೇತ್ರವನ್ನು ಒಳಗಿನಿಂದ ಕಂಡ ನೀವು ಈ ವಿಷಯದಲ್ಲಿ ಏನು ಯೋಚಿಸುತ್ತೀರಿ ಎಂಬುದು ತಿಳಿಯಬೇಕು.

ಮತ ಇರುವವರ ಪಾಡೂ ಸುಲಭದ್ದಲ್ಲ. ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿ ತಯಾರಾಗುತ್ತದೆ. ನಮೂನೆ 19 ತುಂಬಬೇಕು, ಹಿಂದಿನ ಆರು ವರ್ಷಗಳಲ್ಲಿ ಮೂರು ವರ್ಷ ಕಲಿಸಿದ್ದಾರೆ ಎಂದು ಸಂಸ್ಥೆಯ ಮುಖ್ಯಸ್ಥರು ಬರೆದುಕೊಡಬೇಕು. ಅನುದಾನರಹಿತ ಶಾಲೆಯೊಂದರಲ್ಲಿ ದುಡಿಯುವ ನನ್ನ ಗೆಳತಿಗೆ ಅಲ್ಲಿನ ಆಡಳಿತ ಮಂಡಳಿ ಆ ಸಹಿ ಹಾಕಲಿಲ್ಲ. ಹಾಕಿದರೆ ಆಕೆ ಅಷ್ಟು ವರ್ಷ ಅಲ್ಲಿ ಕೆಲಸ ಮಾಡಿದ್ದಕ್ಕೆ ಕಾಗದದ ಸಾಕ್ಷಿ ಹುಟ್ಟುತ್ತದೆ, ನಾಳೆ ಸಂಬಳ ಕೇಳಲು ಅದೇ ಆಧಾರವಾಗುತ್ತದೆ ಎಂಬ ಹೆದರಿಕೆ ಅವರಿಗೆ. ಮತದ ಚೀಟಿಗಿಂತ ಆ ಸಹಿಯೇ ಆಕೆಗೆ ದೊಡ್ಡದಾಗಿತ್ತು. ಎರಡೂ ಸಿಗಲಿಲ್ಲ.

ಮತ ಸಿಕ್ಕವರು ಅದನ್ನು ಹೇಗೆ ಬಳಸುತ್ತೇವೆ ಎಂದು ಕೇಳಿದರೆ ಇನ್ನೊಂದು ನಾಚಿಕೆ. 2022ರ ಎಣಿಕೆಯಲ್ಲಿ ತಿರಸ್ಕೃತವಾದ ಮತಗಳೇ ಸಾವಿರ ದಾಟಿದ್ದವು. 1 ಎಂದು ಅಂಕಿಯಲ್ಲಿ ಬರೆಯಿರಿ, ಅವರು ಕೊಟ್ಟ ಪೆನ್ನಿನಲ್ಲೇ ಬರೆಯಿರಿ, ಸಹಿ ಮಾಡಬೇಡಿ ಎಂದು ಇಷ್ಟೇ ಸೂಚನೆ. ‘ಪ್ರಶ್ನೆಯನ್ನು ಸರಿಯಾಗಿ ಓದಿಕೊಂಡು ಉತ್ತರಿಸಿ’ ಎಂದು ವರ್ಷವಿಡೀ ಮಕ್ಕಳಿಗೆ ಹೇಳುವವರು ನಾವು.

ಅದೇ 2022ರ ವಿಚಾರ. ಮೇ ತಿಂಗಳಲ್ಲಿ ನೀವು ಸಭಾಪತಿ ಸ್ಥಾನ ಬಿಟ್ಟಿರಿ, ಜಾತ್ಯತೀತ ಜನತಾದಳ ಬಿಟ್ಟಿರಿ, ಭಾರತೀಯ ಜನತಾ ಪಕ್ಷ ಸೇರಿದಿರಿ. ಜೂನ್‌ನಲ್ಲಿ ಬೆಳಗಾವಿಯಲ್ಲಿ ಎಣಿಕೆಯಾದಾಗ ನಿಮಗೆ 9,266 ಮತ, ಕಾಂಗ್ರೆಸ್‌ನ ಬಸವರಾಜ ಗುರಿಕಾರರಿಗೆ 4,597. ನೀವು ಬಿಟ್ಟುಬಂದ ಪಕ್ಷದ ಅಭ್ಯರ್ಥಿಯ ಮತಗಳು ಮೂರಂಕಿಯಲ್ಲೇ ನಿಂತವು. ಇಷ್ಟು ವರ್ಷ ನಾವು ಮತ ಹಾಕಿದ್ದು ಪಕ್ಷಕ್ಕಲ್ಲ, ನಿಮಗೆ ಎಂಬುದು ಆ ದಿನ ಸಾಬೀತಾಯಿತು. ನಿಮಗೆ ಅದು ಹೆಮ್ಮೆಯ ಸಂಗತಿ ಇರಬಹುದು. ನನಗೆ ಅದರಲ್ಲಿ ನಿಮ್ಮ ಹೊಣೆಯ ಭಾರ ಕಾಣುತ್ತದೆ. ಪಕ್ಷಕ್ಕೆ ಹಾಕಿದ ಮತವಾದರೆ ಪ್ರಣಾಳಿಕೆ ಹಿಡಿದು ಪಕ್ಷವನ್ನು ಕೇಳಬಹುದು. ವ್ಯಕ್ತಿಗೆ ಹಾಕಿದ ಮತದ ಲೆಕ್ಕವನ್ನು ಆ ವ್ಯಕ್ತಿಯನ್ನೇ ಕೇಳಬೇಕು. ಆ ಸಲ ನನ್ನ ಪೆನ್ನು ಸ್ವಲ್ಪ ಹೊತ್ತು ತಡೆಯಿತು. ಕೊನೆಗೆ 1 ಎಲ್ಲಿ ಬಿತ್ತು ಎಂಬುದು ಪತಿಗೂ ಗೊತ್ತಿಲ್ಲ, ನಿಮಗೂ ಹೇಳುವುದಿಲ್ಲ.

ಈಗ ಪ್ರಶ್ನೆಪತ್ರಿಕೆಗೆ ಬರುತ್ತೇನೆ.

2006ರಲ್ಲಿ ಕುಮಾರಸ್ವಾಮಿಯವರ ಸಂಪುಟದಲ್ಲಿ ನೀವು ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವರು. ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷಿನಲ್ಲಿ ಕಲಿಸುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಗೆ ಸರ್ಕಾರ ಕತ್ತರಿ ಹಾಕಿತು. ಆ ಸುದ್ದಿ ಬಂದ ದಿನ ನಾನು ಪಾಠ ನಿಲ್ಲಿಸಿ ಮಕ್ಕಳಿಗೆ ನಿಮ್ಮ ಹೆಸರು ಹೇಳಿದ್ದೆ. ಅದೇ ಅವಧಿಯಲ್ಲಿ, ನೀವೇ ಸಚಿವರಾಗಿದ್ದಾಗ, ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ತೀರ್ಮಾನವೂ ಆಯಿತು. ಸಾಹಿತಿಗಳು ವಿರೋಧಿಸಿದರು. ಮನೆಯಲ್ಲಿ ಕುಳಿತು ನಾನೂ ವಿರೋಧಿಸಿದೆ.

ಇವತ್ತು ಅಷ್ಟು ಗಟ್ಟಿಯಾಗಿ ವಿರೋಧಿಸಲಾರೆ. ನನ್ನ ಮಗಳು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಊರಿನ ಕೂಲಿಕಾರರ ಮಗುವಿಗೆ ಬೇಡ ಎಂದು ನಾನು ಯಾವ ಬಾಯಿಂದ ಹೇಳಲಿ? ಆದರೆ ಆಗ ಒಂದನೇ ತರಗತಿಗೆ ಸೇರಿದ ಮಕ್ಕಳು 2014ರ ಹೊತ್ತಿಗೆ ನನ್ನ ಎಂಟನೇ ತರಗತಿಗೆ ಬಂದರು. ಅವರಲ್ಲಿ ಹಲವರು ಕನ್ನಡದ ಒಂದು ಪುಟವನ್ನು ತಡವರಿಸದೆ ಓದುತ್ತಿರಲಿಲ್ಲ, ಇಂಗ್ಲಿಷಿನ ಒಂದು ವಾಕ್ಯವನ್ನೂ ಕಟ್ಟುತ್ತಿರಲಿಲ್ಲ. ತಪ್ಪು ತೀರ್ಮಾನದ್ದೋ, ಶಿಕ್ಷಕರನ್ನು ತಯಾರು ಮಾಡದೆ ಪುಸ್ತಕ ಹಂಚಿದ್ದರದ್ದೋ? ಅದೇ 2014ರ ಮೇ ತಿಂಗಳಲ್ಲಿ, ಮಾಧ್ಯಮದ ಆಯ್ಕೆಯನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮಾನ್ಯತೆ ರದ್ದು ಮಾಡಿದ ಕೈ ಮತ್ತು ಇಂಗ್ಲಿಷ್ ತಂದ ಕೈ ಎರಡೂ ಒಂದೇ ಇಲಾಖೆಯವು. ಆಗ ನಿಮ್ಮ ಮನಸ್ಸಿನಲ್ಲಿ ಇದ್ದದ್ದೇನು, ಈಗ ಹಿಂದಿರುಗಿ ನೋಡಿದರೆ ಯಾವುದು ಸರಿ ಎನಿಸುತ್ತದೆ? ಇದಕ್ಕೆ ನಾನು ಹೆಚ್ಚು ಅಂಕ ಇಟ್ಟಿದ್ದೇನೆ. ದೀರ್ಘ ಉತ್ತರ ಬೇಕು.

ಎರಡನೆಯದು ಚಿಕ್ಕ ಪ್ರಶ್ನೆ. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ನೌಕರಿಗೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ. ನೀವು ಶಿಕ್ಷಣ ಸಚಿವರಾಗಿದ್ದದ್ದೂ ಅದೇ ವರ್ಷ. ನಮ್ಮ ಶಾಲೆಯ ವಿಜ್ಞಾನ ಶಿಕ್ಷಕರಿಗೆ ಈ ದಿನಾಂಕ ತಮ್ಮ ಜನ್ಮದಿನಕ್ಕಿಂತ ಚೆನ್ನಾಗಿ ನೆನಪಿದೆ. ಆಗ ನಿಮ್ಮ ನಿಲುವು ಏನಿತ್ತು?

ಮೂರನೆಯದು ನನ್ನ ಹೊಟ್ಟೆಪಾಡಿನದು. ನಾನು ಸೇರಿದಾಗ ನಮ್ಮ ಶಾಲೆಗೆ ಅನುದಾನ ಇರಲಿಲ್ಲ. ಅದು ಸಿಕ್ಕಿದ್ದು ಏಳು ವರ್ಷದ ಮೇಲೆ. ಆ ಏಳು ವರ್ಷ ಆಡಳಿತ ಮಂಡಳಿ ಕೊಟ್ಟಷ್ಟನ್ನು ತೆಗೆದುಕೊಂಡು ಕಲಿಸಿದೆ. ಮಕ್ಕಳು ಪಾಸಾದರು, ಕೆಲವರು ಈಗ ನನಗಿಂತ ದೊಡ್ಡ ಸಂಬಳದಲ್ಲಿದ್ದಾರೆ. ನನ್ನ ವೇತನದ ಕಡತದಲ್ಲಿ ಮಾತ್ರ ಆ ಏಳು ವರ್ಷ ನಡೆದೇ ಇಲ್ಲ. ಇಂಥ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದೇ ‘ಕಾಲ್ಪನಿಕ ವೇತನ’ದ ಬೇಡಿಕೆ. ಎಂಥ ಹೆಸರು ನೋಡಿ, ದುಡಿದದ್ದು ನಿಜ, ವೇತನ ಕಾಲ್ಪನಿಕ! ಈ ವಿಷಯಕ್ಕೆ ನಿಮ್ಮ ನೇತೃತ್ವದಲ್ಲೇ ಸಮಿತಿಯಾಯಿತು. ‘ಹೊರಟ್ಟಿ ಸಮಿತಿ ವರದಿ’ ಎಂಬ ಮಾತು ನಮ್ಮ ಸಂಘದ ಸಭೆಗಳಲ್ಲಿ ದೇವರ ನಾಮದ ಹಾಗೆ ಕೇಳಿಬರುತ್ತದೆ. ವರದಿ ಬರೆದವರು ನೀವು, ಅದನ್ನು ಕೈಯಲ್ಲಿ ಹಿಡಿದು ಬೀದಿಗೆ ಬರುವವರು ನಾವು. ಇದರ ನಡುವೆ ಅದು ಯಾವ ಮೇಜಿನ ಮೇಲೆ, ಯಾರ ಕಾಲದಲ್ಲಿ ನಿಂತಿತು ಎಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಹೆಸರು ಹಿಡಿದು ಬರೆಯಿರಿ. ನೀವು ಇದ್ದ ಪಕ್ಷಗಳ ಹೆಸರು ಬಂದರೂ ಬರೆಯಿರಿ.

ಕೊನೆಯ ಪ್ರಶ್ನೆ ಸಭಾಪತಿ ಪೀಠದ್ದು. ನಿಮ್ಮ ಅಭಿಮಾನಿಗಳಿಗೆ ಇದು ಹಿಡಿಸಲಿಕ್ಕಿಲ್ಲ. 2018ರಲ್ಲಿ ಕೆಲವು ತಿಂಗಳು ಹಂಗಾಮಿಯಾಗಿ ಕುಳಿತಿರಿ. 2020ರ ಡಿಸೆಂಬರ್‌ನಲ್ಲಿ ಉಪಸಭಾಪತಿಯನ್ನೇ ಪೀಠದಿಂದ ಎಳೆದಾಡಿದ್ದನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ನಮ್ಮ ಹತ್ತನೆಯ ತರಗತಿಯ ಹುಡುಗನೊಬ್ಬ ‘ಟೀಚರ್, ಅಲ್ಲಿ ಪಿ.ಟಿ. ಸರ್ ಇಲ್ಲವೇ’ ಎಂದು ಕೇಳಿದ. ಎರಡು ತಿಂಗಳೊಳಗೆ, 2021ರ ಫೆಬ್ರುವರಿಯಲ್ಲಿ ನೀವೇ ಆ ಪೀಠಕ್ಕೆ ಬಂದಾಗ ಆ ಹುಡುಗನನ್ನು ಕರೆದು ತೋರಿಸಿದೆ. 2022ರ ಡಿಸೆಂಬರ್‌ನಲ್ಲಿ ಮತ್ತೆ ಆಯ್ಕೆಯಾದಿರಿ. ದೊಡ್ಡ ಗೌರವ, ಒಪ್ಪುತ್ತೇನೆ.

ಆದರೆ ಪೀಠದಲ್ಲಿ ಕುಳಿತವರು ಪ್ರಶ್ನೆ ಕೇಳುವಂತಿಲ್ಲ. ಸಚಿವರನ್ನು ತರಾಟೆಗೆ ತೆಗೆದುಕೊಳ್ಳುವಂತಿಲ್ಲ. ಮತಗಳು ಸಮಸಮವಾದರೆ ಮಾತ್ರ ಅವರದೊಂದು ನಿರ್ಣಾಯಕ ಮತ. ಶಿಕ್ಷಕರ ಏಳು ದನಿಗಳಲ್ಲಿ ನಮ್ಮದು ಎಲ್ಲಕ್ಕಿಂತ ಅನುಭವಿ ದನಿ, ಅದು ಎಲ್ಲಕ್ಕಿಂತ ಎತ್ತರದ ಕುರ್ಚಿಯಲ್ಲಿ ಕುಳಿತು ಬೇರೆಯವರಿಗೆ ‘ಸಮಯವಾಯಿತು, ಕುಳಿತುಕೊಳ್ಳಿ’ ಎನ್ನುವ ದನಿಯಾಯಿತು. ತರಗತಿಯ ಅತ್ಯಂತ ಚುರುಕಿನ ಹುಡುಗನನ್ನು ಮಾನಿಟರ್ ಮಾಡಿದ ಮೇಲೆ ಅವನು ಕೈಯೆತ್ತಿ ಉತ್ತರ ಹೇಳುವುದೇ ನಿಂತುಹೋಗುತ್ತದೆ. ಶಿಕ್ಷಕರಿಗೆಲ್ಲ ಇದು ಗೊತ್ತಿರುವ ಸಂಗತಿ. ಪೀಠದಲ್ಲಿದ್ದ ವರ್ಷಗಳಲ್ಲಿ ನಾಲ್ಕು ಜಿಲ್ಲೆಗಳ ಶಿಕ್ಷಕರ ಪರವಾಗಿ ಸದನದ ಹೊರಗೆ, ಕಚೇರಿಗಳಲ್ಲಿ, ಪತ್ರಗಳಲ್ಲಿ ನೀವು ಮಾಡಿಸಿದ ಕೆಲಸ ಇರಲೇಬೇಕು. ಅದು ಕಾಣುವುದಿಲ್ಲ. ಕಾಣಿಸಿ.

ನಾನು ಕೇಳುತ್ತಿರುವುದು ಅಭಿನಂದನ ಗ್ರಂಥವನ್ನಲ್ಲ. ಅದರಲ್ಲಿ ಬೇರೆಯವರು ನಿಮ್ಮ ಬಗ್ಗೆ ಬರೆಯುತ್ತಾರೆ, ಎಲ್ಲರ ಅಕ್ಷರವೂ ಗುಂಡಗೆ ಇರುತ್ತದೆ. ಎಂಟು ಅವಧಿಗೆ ಎಂಟು ಅಧ್ಯಾಯ ಮಾಡಿ ನೀವೇ ಬರೆಯಿರಿ. ಯಾವ ಅವಧಿಯಲ್ಲಿ ಏನು ಕೇಳಿದಿರಿ, ಏನು ಸಿಕ್ಕಿತು, ಏನು ಸಿಗಲಿಲ್ಲ, ಯಾರು ತಡೆದರು. ಮಾಡಬಹುದಾಗಿದ್ದೂ ಮಾಡದೆ ಬಿಟ್ಟದ್ದು ಯಾವುದು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಖಾಲಿ ಬಿಟ್ಟ ವಿದ್ಯಾರ್ಥಿಯ ಮೇಲೆ ನನಗೆ ಸಿಟ್ಟಿಲ್ಲ. ಪುಟ ತುಂಬಿಸಲು ಪ್ರಶ್ನೆಯನ್ನೇ ಮತ್ತೆ ಮತ್ತೆ ಬರೆಯುವವನ ಮೇಲೆ ಸಿಟ್ಟು ಬರುತ್ತದೆ.

ನೀವು 1946ರಲ್ಲಿ ಹುಟ್ಟಿದವರು. ಈ ಅವಧಿ 2028ರಲ್ಲಿ ಮುಗಿಯುತ್ತದೆ. ಒಂಬತ್ತನೇ ಸಲ ನಿಲ್ಲುವುದೂ ಬಿಡುವುದೂ ನಿಮ್ಮ ಇಷ್ಟ. ನಿವೃತ್ತಳಾದರೂ ಹಿಂದಿನ ಆರು ವರ್ಷಗಳಲ್ಲಿ ಮೂರು ವರ್ಷ ಕಲಿಸಿರುತ್ತೇನಾದ್ದರಿಂದ ಆ ಚುನಾವಣೆಗೆ ನನ್ನ ಮತ ಉಳಿದಿರುತ್ತದೆ. ನಮೂನೆ 19 ತುಂಬುವವಳೇ. ನೀವು ನಿಂತರೆ ನಿಮಗೆ, ನಿಲ್ಲದಿದ್ದರೆ ನಿಮ್ಮ ಜಾಗಕ್ಕೆ ಬರಲು ಹೊರಟವರಿಗೆ, ಈ ಸಲ ಅಂಕ ಕೊಡುವ ಮೊದಲು ಉತ್ತರಪತ್ರಿಕೆ ನೋಡಿಯೇ ತೀರುತ್ತೇನೆ.

ಬರೆದರೆ ಅಚ್ಚು ಹಾಕಿಸಿ ನಾಲ್ಕೂ ಜಿಲ್ಲೆಗಳ ಶಾಲೆಗಳಿಗೆ ಕಳುಹಿಸಿ. ಬೆಲೆ ಇಟ್ಟರೂ ಚಿಂತೆಯಿಲ್ಲ, ನಮ್ಮ ಕೊಠಡಿಯಲ್ಲಿ ಒಂಬತ್ತು ಜನ ಚಂದಾ ಹಾಕಿ ಕೊಳ್ಳುತ್ತೇವೆ. ಮಾರ್ಚ್ ತಿಂಗಳಲ್ಲಿ ಮಾತ್ರ ಕಳುಹಿಸಬೇಡಿ. ಪರೀಕ್ಷೆ ಇರುತ್ತದೆ, ಓದಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು,
ಕನ್ನಡ ಶಿಕ್ಷಕಿ, ಹಾವೇರಿ ಜಿಲ್ಲೆ